ಬಿಸಿಲಿಗೆ ಕರಗುವ ಕೊಳೆ, ಬಿಸಿಲಿಗೆ ಬಗ್ಗದ ಕೊಳೆ

ಬಣ್ಣ, ರುಚಿ, ವಾಸನೆ. ನೀರಿನ ಈ ಮೂರು ಗುಣಗಳ ಪಾಠವನ್ನು ಮದ್ರಸದಲ್ಲಿ ಕೇಳದ ಮಕ್ಕಳು ನಮ್ಮಲ್ಲಿ ಕಡಿಮೆ. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝ್‌ನಂಥ ಹೆಚ್ಚು ನೀರಿಗೆ ಏನಾದರೂ ಅಶುದ್ಧಿ ಬಿದ್ದರೂ, ಈ ಮೂರರಲ್ಲಿ ಯಾವುದೂ ಬದಲಾಗದಿದ್ದರೆ ಅದರಲ್ಲಿ ವುಝೂ ಮಾಡಬಹುದು ಎಂದು ಹನಫೀ ಫಿಕ್ಹ್‌ನ ಗ್ರಂಥಗಳು ಕಲಿಸುತ್ತವೆ. ಆ ನಿಯಮ ಇಬಾದತ್ತಿನ ಶುದ್ಧಿಗೆ ಸಂಬಂಧಿಸಿದ್ದು. ಕುಡಿಯುವ ನೀರಿನ ಪರೀಕ್ಷೆಗೂ ಅದನ್ನೇ ಬಳಸುವುದು ನಮ್ಮ ಮನೆಗಳಲ್ಲಿ ಕಾಣುವ ತಪ್ಪು. ಸಮುದ್ರದ ನೀರಿನಿಂದ ವುಝೂ ಮಾಡಲು ಪ್ರವಾದಿ(ಸ) ಅನುಮತಿ ಕೊಟ್ಟಿದ್ದಾರೆ. ಹಾಗೆಂದು ಯಾರೂ ಸಮುದ್ರದ ನೀರನ್ನು ಮಗುವಿಗೆ ಕುಡಿಸುವುದಿಲ್ಲ. ತಾಹಿರ್ ಆದ ನೀರೆಲ್ಲ ಹೊಟ್ಟೆಗೆ ತಯ್ಯಿಬ್ ಆಗಿರಬೇಕೆಂದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓದುಗರಿಗೆ ಈ ಮಾತು ಇನ್ನೂ ಹತ್ತಿರದ್ದು. ಇಂಡಿ, ಸಿಂದಗಿಯ ಅಂಚಿನಲ್ಲಿ ಭೀಮಾ ಹರಿಯುತ್ತದೆ. ಬಾಗೇವಾಡಿ, ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆ ಮತ್ತು ಆಲಮಟ್ಟಿ ಜಲಾಶಯ ಇವೆ. ನಡುವೆ ಉಪ್ಪು ನೀರಿಗೆ ಹೆಸರಾದ ಡೋಣಿ. ಆದರೂ ನಳದ ನೀರು ಬಾರದ ದಿನ ಕೊಡ ತುಂಬುವುದು ಬೋರ್‌ವೆಲ್‌ನಿಂದಲೇ. ಆ ನೀರು ಗಾಜಿನಂತೆ ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ಬಹಳವೆಂದರೆ ಸ್ವಲ್ಪ ಸವಳು. ಅದರಲ್ಲಿ ಫ್ಲೋರೈಡ್ ಇದೆಯೇ, ನೈಟ್ರೇಟ್ ಇದೆಯೇ, ತೋಟಕ್ಕೆ ಹೊಡೆದ ಔಷಧಿಯ ಅಂಶ ಇದೆಯೇ, ರೋಗಾಣು ಇದೆಯೇ ಎಂಬುದನ್ನು ಕಣ್ಣು, ಮೂಗು, ನಾಲಿಗೆ ಮೂರೂ ಸೇರಿದರೂ ಹೇಳಲಾರವು.

ಇತ್ತೀಚೆಗೆ "ನ್ಯಾನೋ ಪದರ", "ಬಿಸಿಲಿನಿಂದ ನೀರು ಶುದ್ಧ" ಎಂಬ ಮಾತುಗಳು ಮೊಬೈಲ್‌ನಲ್ಲಿ, ಮಾರಾಟಗಾರರ ಬಾಯಲ್ಲಿ ಕೇಳಿಬರುತ್ತಿವೆ. ಇದರ ಹಿಂದಿನ ವಿಜ್ಞಾನ ನಿಜವಾದದ್ದು, ನಮ್ಮಂಥ ಬಿಸಿಲ ನಾಡಿಗೆ ಒಪ್ಪುವಂಥದ್ದು. ಆದರೆ ಅದು ಯಾವ ಕೊಳೆಗೆ ಮದ್ದು, ಯಾವುದಕ್ಕಲ್ಲ ಎಂದು ತಿಳಿಯದೆ ನಂಬಿದರೆ ಹಣವೂ ಹೋಗುತ್ತದೆ, ಮಕ್ಕಳ ಹಲ್ಲು ಮೂಳೆಯೂ ಕೆಡುತ್ತವೆ.

ಹೆಸರಿನಿಂದಲೇ ಆರಂಭಿಸೋಣ. ಇದನ್ನು ಫೋಟೊಕ್ಯಾಟಲಿಸ್ಟ್ ಎನ್ನುತ್ತಾರೆ, ಅಂದರೆ ಬೆಳಕು ಬಿದ್ದಾಗ ಕೆಲಸ ಮಾಡುವ ವೇಗವರ್ಧಕ. ವೇಗವರ್ಧಕವೆಂದರೆ ಬೀಸುಕಲ್ಲು ಇದ್ದ ಹಾಗೆ. ಕಲ್ಲು ಜೋಳವನ್ನು ಹಿಟ್ಟು ಮಾಡುತ್ತದೆ, ತಾನು ಹಿಟ್ಟಾಗುವುದಿಲ್ಲ. ಒಂದು ಸೇರು ಬೀಸಿದ ಮೇಲೆ ಮತ್ತೊಂದು ಸೇರಿಗೆ ಅದೇ ಕಲ್ಲು ಸಿದ್ಧ. ಇಲ್ಲಿ ಕಲ್ಲಿನ ಜಾಗದಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ, ಅದನ್ನು ತಿರುಗಿಸುವ ಕೈ ಸೂರ್ಯನ ಬೆಳಕು.

ಈ ಬಿಳಿ ಪುಡಿ ನಿಮಗೆ ಹೊಸದಲ್ಲ. ಬಾಗಿಲಿಗೆ ಬಳಿದ ಬಿಳಿ ಪೇಂಟ್‌ನಲ್ಲಿ ಅದೇ ಇದೆ. ಬಿಸಿಲಿಗೆ ಮುಖ ಮಾಡಿದ ಹಳೆಯ ಬಿಳಿ ಬಾಗಿಲನ್ನು ಮುಟ್ಟಿದರೆ ಕೈಗೆ ಸೀಮೆಸುಣ್ಣದಂತೆ ಪುಡಿ ಹತ್ತುವುದನ್ನು ನೋಡಿದ್ದೀರಿ. ಬಿಸಿಲು ಬಿದ್ದಾಗ ಆ ಬಿಳಿ ಕಣಗಳು ಸುತ್ತಲಿನ ಎಣ್ಣೆಯ ಅಂಟನ್ನು ಮುರಿದು ಹಾಕುವುದು ಅದಕ್ಕೆ ಒಂದು ಕಾರಣ. ಪೇಂಟ್ ತಯಾರಿಸುವವರಿಗೆ ಇದು ತಲೆನೋವು. ಹಾಗಾಗಿ ಈಗ ಅವರು ಕಣಗಳಿಗೆ ಬೇರೆ ವಸ್ತುವಿನ ಹೊದಿಕೆ ಹಾಕಿ ಈ ಗುಣವನ್ನು ಅಡಗಿಸುತ್ತಾರೆ. ಅಂಗಡಿಯ ಪೇಂಟ್ ಬಳಿದು ನೀರು ಶುದ್ಧ ಮಾಡಲು ಹೊರಡಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಬಾಗಿಲಿಗೆ ತೊಂದರೆ ಕೊಡುವ ಈ ಗುಣ ಉಪಯೋಗಕ್ಕೆ ಬಂದದ್ದು ಜಪಾನಿನಲ್ಲಿ. ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಎಂಬ ವಿಜ್ಞಾನಿಗಳು ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ಒಡೆಯಬಲ್ಲದು ಎಂದು 1972ರಲ್ಲಿ ಪ್ರಕಟಿಸಿದರು. 1985ರಲ್ಲಿ ಜಪಾನಿನದೇ ಇನ್ನೊಂದು ತಂಡ ಅದು ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ ಎಂದು ತೋರಿಸಿತು. ಮುಂದೆ ತಾನೇ ಕೊಳೆ ಕಳೆದುಕೊಳ್ಳುವ ಕಿಟಕಿಯ ಗಾಜು, ಆಸ್ಪತ್ರೆಯ ಗೋಡೆಗೆ ಹಚ್ಚುವ ಟೈಲ್ಸ್ ಇವೆಲ್ಲ ಅದರಿಂದ ಬಂದವು.

ಕೆಲಸ ನಡೆಯುವುದು ಹೀಗೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಆ ಬಿಳಿ ಕಣಕ್ಕೆ ತಾಗಿದಾಗ ಅದರೊಳಗಿನ ಇಲೆಕ್ಟ್ರಾನ್ ಒಂದು ಜಾಗ ಬಿಟ್ಟು ಜಿಗಿಯುತ್ತದೆ. ಜಿಗಿದ ಇಲೆಕ್ಟ್ರಾನ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹಿಡಿಯುತ್ತದೆ. ಖಾಲಿಯಾದ ಜಾಗ ನೀರಿನ ಅಣುವಿನಿಂದ ಇಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಈ ಕಿತ್ತಾಟದಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಕಣ ಕ್ಷಣಕಾಲವೂ ಸುಮ್ಮನಿರದು, ಎದುರಿಗೆ ಸಿಕ್ಕ ಸಾವಯವ ವಸ್ತುವನ್ನು ತುಂಡು ಮಾಡುತ್ತದೆ. ತುಂಡು ಮತ್ತೆ ತುಂಡಾಗಿ, ಕೊನೆಗೆ ಹೆಚ್ಚಿನ ಭಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ.

ಸಾವಯವ ಎಂಬ ಮಾತಿನಿಂದ ಗೊಂದಲ ಬೇಡ. ಪೇಟೆಯಲ್ಲಿ ಸಾವಯವ ಎಂದರೆ ಔಷಧಿ ಹೊಡೆಯದ ಬೆಳೆ. ರಸಾಯನಶಾಸ್ತ್ರದಲ್ಲಿ ಇಂಗಾಲದಿಂದ ಕಟ್ಟಿದ ವಸ್ತುವೆಲ್ಲ ಸಾವಯವವೇ. ಬಟ್ಟೆಗೆ ಹಾಕುವ ಬಣ್ಣ, ಸಾಬೂನು, ಎಣ್ಣೆ, ಮಾತ್ರೆಯ ಅಂಶ, ದ್ರಾಕ್ಷಿಗೆ ಹೊಡೆಯುವ ಬಹುಪಾಲು ಕೀಟನಾಶಕಗಳು ಇದರಲ್ಲಿ ಬರುತ್ತವೆ. ರೋಗಾಣುವಿನ ಮೈಯೂ ಇದರಿಂದಲೇ ಆದದ್ದು.

ಮೊದಮೊದಲು ಪ್ರಯೋಗಾಲಯಗಳಲ್ಲಿ ಈ ಪುಡಿಯನ್ನು ನೇರವಾಗಿ ನೀರಿಗೆ ಕಲಕಿ ಬಿಸಿಲಿಗೆ ಇಡುತ್ತಿದ್ದರು. ಕೆಲಸ ಬೇಗ ಆಗುತ್ತದೆ. ಕಷ್ಟ ಆಮೇಲೆ. ಅತಿ ಸಣ್ಣ ಕಣಗಳು ತಳಕ್ಕೆ ಕೂರುವುದಿಲ್ಲ, ಸಾಧಾರಣ ಬಟ್ಟೆಯಲ್ಲಿ ಸೋಸಲು ಬರುವುದಿಲ್ಲ. ಕೊಳೆ ಹೋಗಿ ಪುಡಿ ಉಳಿದರೆ ಏನು ಬಂತು? ಆಹಾರಕ್ಕೆ ಬಿಳಿ ಬಣ್ಣವಾಗಿ ಈ ವಸ್ತುವನ್ನು ಸೇರಿಸುವುದನ್ನೇ ಐರೋಪ್ಯ ಒಕ್ಕೂಟ 2022ರಲ್ಲಿ ನಿಷೇಧಿಸಿದೆ. ಅಂಥ ಪುಡಿ ತೇಲುವ ನೀರನ್ನು ಯಾರೂ ಕುಡಿಯಬಾರದು.

ತೆಳುಪದರದ ಯೋಚನೆ ಹುಟ್ಟಿದ್ದು ಇಲ್ಲಿ. ಪುಡಿಯನ್ನು ನೀರಿಗೆ ಹಾಕುವ ಬದಲು ಗಾಜಿನ ಮೇಲೆ, ಸೆರಾಮಿಕ್ ಮೇಲೆ ಅಂಟಿಸಿಬಿಡುವುದು. ಗಾಜಿನ ಪಟ್ಟಿಯನ್ನು ಟೈಟಾನಿಯಂ ಇರುವ ದ್ರಾವಣದಲ್ಲಿ ಅದ್ದಿ, ನಿಧಾನವಾಗಿ ಮೇಲೆತ್ತಿ, ಒಣಗಿಸಿ, ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಸುಡುತ್ತಾರೆ. ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರ ಗಾಜಿಗೆ ಕಚ್ಚಿಕೊಳ್ಳುತ್ತದೆ. ಕೊಳಕು ನೀರು ಅದರ ಮೇಲೆ ಹರಿದು ಹೋಗುತ್ತದೆ, ಪದರ ಅಲ್ಲೇ ಉಳಿಯುತ್ತದೆ. ತೊಳೆದು ಮತ್ತೆ ಬಳಸಬಹುದು. ಬೀಸುಕಲ್ಲನ್ನು ಹಿಟ್ಟಿನಲ್ಲಿ ಹುಡುಕುವ ಕೆಲಸ ತಪ್ಪಿತು.

ನಮ್ಮ ರಾಜ್ಯದಲ್ಲೂ ಇದರ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ದಹನ ವಿಧಾನದಿಂದ ಅತಿ ಸಣ್ಣ ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನು ತಯಾರಿಸಿ, ಬಿಸಿಲಿನಲ್ಲಿ ಬಣ್ಣದ ನೀರನ್ನು ತಿಳಿ ಮಾಡಿದ್ದನ್ನು 2004ರಲ್ಲಿ ವರದಿ ಮಾಡಿತು. ಅದೇ ಸಂಸ್ಥೆಯ ಜಯಂತ್ ಮೋಡಕ್, ಅಶೋಕ್ ರಾಯಚೂರು ಮತ್ತು ಸಂಗಡಿಗರು ಪಾಲಿಮರ್ ಒಂದು ಪದರ, ಟೈಟಾನಿಯಂ ಡೈಆಕ್ಸೈಡ್ ಒಂದು ಪದರ, ಹೀಗೆ ಒಂದರ ಮೇಲೊಂದು ಹೊದಿಸಿದ ತೆಳುಪದರಗಳ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿದರು. ನಮ್ಮ ಸಿಂದಗಿಯದೋ ಇಂಡಿಯದೋ ಹುಡುಗಿ ವಿಜ್ಞಾನ ಓದುತ್ತಿದ್ದರೆ ಮುಂದೆ ಕೈಹಾಕಲು ಇದು ಒಳ್ಳೆಯ ವಿಷಯ. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ.

ಈಗ ತೊಡಕುಗಳು. ಮಾರುವವರು ಹೇಳದೇ ಬಿಡುವುದು ಇವನ್ನೇ.

ಪದರದ ಮೈ ಪುಡಿಯ ಮೈಗಿಂತ ಬಹಳ ಕಡಿಮೆ, ಹಾಗಾಗಿ ಕೆಲಸ ನಿಧಾನ. ಸೂರ್ಯನ ಬೆಳಕಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ಐದರಷ್ಟು ಮಾತ್ರ. ಉಳಿದ ಬೆಳಕು ಸಾಧಾರಣ ಟೈಟಾನಿಯಂ ಪದರಕ್ಕೆ ಉಪಯೋಗವಿಲ್ಲ. ರಾಡಿಯಾದ ನೀರಿನಲ್ಲಿ ಆ ಕಿರಣ ಪದರವನ್ನು ಮುಟ್ಟುವುದೇ ಇಲ್ಲ. ನಮ್ಮ ಭಾಗಕ್ಕೆ ಎಲ್ಲಕ್ಕಿಂತ ದೊಡ್ಡ ತೊಡಕು ಗಡಸು ನೀರು. ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದನ್ನು ಇಲ್ಲಿಯ ಯಾವ ಗೃಹಿಣಿಗೂ ಹೇಳಿಕೊಡಬೇಕಿಲ್ಲ. ಅಂಥದೇ ಸುಣ್ಣದ ಪೊರೆ ಈ ಪದರದ ಮೇಲೂ ಕೂರುತ್ತದೆ. ಸಾಲದ್ದಕ್ಕೆ ಗಡಸು ನೀರಿನಲ್ಲಿ ಹೆಚ್ಚಾಗಿರುವ ಬೈಕಾರ್ಬೊನೇಟ್, ಕೊಳೆಯನ್ನು ಮುರಿಯಬೇಕಾದ ರ‍್ಯಾಡಿಕಲ್‌ಗಳನ್ನು ತಾನೇ ನುಂಗಿಹಾಕುತ್ತದೆ. ಒದ್ದೆ ಜೋಳ ಹಾಕಿದರೆ ಬೀಸುಕಲ್ಲು ಮೆತ್ತಿಕೊಂಡು ನಿಲ್ಲುವುದಿಲ್ಲವೇ, ಹಾಗೆ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಬಂದ ಫಲಿತಾಂಶ ಡೋಣಿ ದಂಡೆಯ ನೀರಿನಲ್ಲಿ ಬರುತ್ತದೆಂದು ನಿರೀಕ್ಷಿಸಬಾರದು.

ಇನ್ನೊಂದು ವಿಷಯ ಗಮನವಿಟ್ಟು ಓದಿ. ಬಣ್ಣದ ನೀರು ತಿಳಿಯಾಯಿತು ಎಂದರೆ ಕೊಳೆ ಮುಗಿಯಿತು ಎಂದಲ್ಲ. ಬಣ್ಣದ ಅಣುವಿನ ಒಂದು ಕೊಂಡಿ ಕಳಚಿದರೂ ಬಣ್ಣ ಮಾಯವಾಗುತ್ತದೆ, ಉಳಿದ ತುಂಡುಗಳು ನೀರಲ್ಲೇ ಇರುತ್ತವೆ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಒಡೆಯುವಾಗ ಮಧ್ಯದಲ್ಲಿ ಆಕ್ಸಾನ್ ಎಂಬ ರೂಪಕ್ಕೆ ತಿರುಗಬಹುದು. ಅದು ಮೂಲ ಔಷಧಿಗಿಂತ ಹೆಚ್ಚು ವಿಷ. ಕೆಲಸ ಅರ್ಧಕ್ಕೆ ನಿಂತರೆ ಮೊದಲಿಗಿಂತ ಕೆಟ್ಟ ನೀರು ಕೈಗೆ ಬಂದೀತು. ಮೊದಲು ಹೇಳಿದ ಮೂರು ಲಕ್ಷಣಗಳು ಇಲ್ಲಿಯೂ ನಮ್ಮನ್ನು ಕೈಬಿಡುತ್ತವೆ.

ಹಾಗಾದರೆ ಈ ವಿದ್ಯೆ ಎಲ್ಲಿ ಉಪಯೋಗ? ನನ್ನ ಅಭಿಪ್ರಾಯದಲ್ಲಿ ಅದರ ಮೊದಲ ಜಾಗ ಅಡುಗೆಮನೆಯಲ್ಲ, ತೋಟ. ಸ್ಪೇನಿನ ದಕ್ಷಿಣದಲ್ಲಿ ಅಲ್ಮೇರಿಯಾ ಎಂಬ ಊರಿದೆ. 955ರಲ್ಲಿ ಅಂದಲೂಸಿನ ಖಲೀಫ ಮೂರನೆಯ ಅಬ್ದುರ‍್ರಹ್ಮಾನ್ ಕಟ್ಟಿಸಿದ ಊರು ಅದು. ಈಗ ನಮ್ಮ ಸೀಮೆಯಂತೆಯೇ ಒಣ, ಬಿಸಿಲ ಪ್ರದೇಶ. ಕಣ್ಣು ಹಾಯುವಷ್ಟು ದೂರ ತರಕಾರಿಯ ಪಾಲಿಹೌಸ್‌ಗಳು, ಅವಕ್ಕೆ ಬೇಕಾದಷ್ಟು ಔಷಧಿ. ಖಾಲಿ ಔಷಧಿ ಡಬ್ಬಿಗಳನ್ನು ತೊಳೆದ ವಿಷದ ನೀರನ್ನು ಏನು ಮಾಡುವುದೆಂಬ ಪ್ರಶ್ನೆಗೆ ಅಲ್ಲಿಯ ಸೌರ ಸಂಶೋಧನಾ ಕೇಂದ್ರ ಬಿಸಿಲಿನಿಂದಲೇ ಉತ್ತರ ಹುಡುಕಿತು. ಗಾಜಿನ ಕೊಳವೆಗಳಲ್ಲಿ ಆ ನೀರನ್ನು ಹರಿಸಿ ಬಿಸಿಲಿನಲ್ಲಿ ಔಷಧಿಯನ್ನು ಒಡೆಯುವ ಘಟಕ 2000ದ ದಶಕದಲ್ಲಿ ಅಲ್ಲಿ ಬಂತು. ಅಲ್ಲಿ ಬಳಸಿದ್ದು ಟೈಟಾನಿಯಂ ಅಲ್ಲ, ಅದರ ದಾಯಾದಿಯಂಥ ಇನ್ನೊಂದು ವಿಧಾನ: ಕಬ್ಬಿಣದ ಲವಣ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು. ಜಿಐ ಮಾನ್ಯತೆ ಪಡೆದ ಲಿಂಬೆಯ ಇಂಡಿ, ಸಾವಿರಾರು ಎಕರೆ ದ್ರಾಕ್ಷಿಯ ವಿಜಯಪುರ ಜಿಲ್ಲೆಗೆ ಇಂಥ ಘಟಕ ಬೇಕು ಎಂದು ಕೇಳುವುದು ಬೆಳೆಗಾರರ ಸಂಘಗಳ ಹಕ್ಕು.

ಅದು ಬರುವವರೆಗೆ ನಿಮ್ಮ ಕೈಲಿ ಆಗುವುದು ಬಹಳವಿದೆ. ಔಷಧಿ ಡಬ್ಬಿ ಖಾಲಿಯಾದ ಕೂಡಲೇ ಅದಕ್ಕೆ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ತೊಳೆದ ನೀರು ಬೆಳೆಗೇ ಹೋಗಲಿ, ಹಳ್ಳಕ್ಕೆ, ಕಾಲುವೆಗೆ, ಬಾವಿಯ ಕಟ್ಟೆಯ ಪಕ್ಕಕ್ಕೆ ಬೇಡ. ಡಬ್ಬಿಗೆ ತೂತು ಹೊಡೆಯಿರಿ. ಹೊಡೆಯದಿದ್ದರೆ ಅದು ಶೌಚಾಲಯದ ನೀರಿನ ಡಬ್ಬಿಯಾಗಿ ಮನೆ ಸೇರುತ್ತದೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡ ಔಷಧಿ ಪೂರ್ತಿ ಹೋಗುವುದಿಲ್ಲ, ಆ ನೀರಿನಿಂದ ಇಸ್ತಿಂಜಾ ಮಾಡುವ ಮಗುವಿನ ಚರ್ಮಕ್ಕೆ ಅದು ಹತ್ತುತ್ತದೆ. ಸ್ಪ್ರೇ ಮಾಡಿ ಬಂದವರ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಅವರು ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಅಸರ್‌ಗೆ ಹೊತ್ತಾಯಿತೆಂದು ತೋಟದಿಂದ ನೇರ ಮಸೀದಿಗೆ ಬಂದು ಹೌಝ್‌ನಲ್ಲಿ ಕೈ ಅದ್ದುವುದೂ ಸಲ್ಲದು, ಮೊದಲು ನಳದ ಕೆಳಗೆ ಸಾಬೂನಿನಿಂದ ತೊಳೆಯಿರಿ.

ರೋಗಾಣುವಿನ ವಿಷಯಕ್ಕೆ ಬಂದರೆ, ಪದರವಿಲ್ಲದೆಯೂ ಬಿಸಿಲು ಕೆಲಸ ಮಾಡುತ್ತದೆ. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಆಫ್ತಿಮ್ ಅಕ್ರಾ ಮತ್ತು ಸಂಗಡಿಗರು 1980ರ ಹೊತ್ತಿಗೆ ಇದನ್ನು ಪರೀಕ್ಷಿಸಿದರು, ಮುಂದೆ ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ಅದನ್ನು ಬಡ ದೇಶಗಳಿಗೆ ಹರಡಿತು. ಕ್ಲೋರಿನ್ ಹಾಕಿದ ನಳದ ನೀರು ಬರುವ ಮನೆಗೆ ಇದು ಬೇಕಿಲ್ಲ. ಬಾವಿಯ, ಹೊಳೆಯ ನೀರು ಕುಡಿಯಲೇಬೇಕಾಗಿ ಬಂದು, ಕುದಿಸಲು ಗ್ಯಾಸ್ ಇಲ್ಲದ ದಿನ ನೆನಪಿಡಿ. ಬಣ್ಣವಿಲ್ಲದ, ಗೀರು ಬೀಳದ, ಎರಡು ಲೀಟರ್‌ಗಿಂತ ದೊಡ್ಡದಲ್ಲದ ಪ್ಲಾಸ್ಟಿಕ್ ನೀರಿನ ಬಾಟಲಿ ತೊಳೆದು, ತಿಳಿ ನೀರು ತುಂಬಿ, ತಗಡಿನ ಮೇಲೆ ಅಡ್ಡ ಮಲಗಿಸಿ. ಚುರುಕು ಬಿಸಿಲಿದ್ದರೆ ಆರು ಗಂಟೆ, ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ ಇಡಬೇಕು. ಮಳೆ ಹಿಡಿದ ದಿನ ಇದನ್ನು ನಂಬಬೇಡಿ, ಕುದಿಸಿ. ನೀರು ಸಾಕಷ್ಟು ತಿಳಿಯಿದೆಯೇ ಎಂದು ನೋಡಲು ಬಾಟಲಿಯನ್ನು ಪತ್ರಿಕೆಯ ಮೇಲೆ ನಿಲ್ಲಿಸಿ ಬಾಯಿಂದ ಕೆಳಕ್ಕೆ ನೋಡಿ. ತಲೆಬರಹ ಓದಲು ಬಂದರೆ ಸರಿ, ಬಾರದಿದ್ದರೆ ನೀರನ್ನು ತಿಳಿಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಮತ್ತೆ ನೋಡಿ. ಔಷಧಿ ಬೆರೆತ ನೀರಿಗೆ ಈ ಬಾಟಲಿ ವಿಧಾನ ಏನೂ ಮಾಡದು.

ಬಿಸಿಲಿಗೆ ಕಾದ ನೀರು ಮಕ್ರೂಹ್ ಅಲ್ಲವೇ ಎಂದು ಕೆಲವರು ಕೇಳುವರು. ಶಾಫಿಈ ಗ್ರಂಥಗಳಲ್ಲಿ ಆ ಮಾತು ಇರುವುದು ಬಿಸಿ ಸೀಮೆಯಲ್ಲಿ ಲೋಹದ ಪಾತ್ರೆಯಲ್ಲಿ ಕಾದ ನೀರನ್ನು ಬಿಸಿಯಿರುವಾಗಲೇ ಮೈಗೆ ಬಳಸುವ ಬಗ್ಗೆ. ಆರಿದ ಮೇಲೆ ಆ ಅಡ್ಡಿ ಇಲ್ಲ. ಇಮಾಮ್ ನವವೀ ಅಂಥವರು ಅದನ್ನು ಮಕ್ರೂಹ್ ಎನ್ನಲು ಬಲವಾದ ಆಧಾರವಿಲ್ಲ ಎಂಬ ಕಡೆಗೇ ಒಲಿದಿದ್ದಾರೆ. ನಮ್ಮದು ಲೋಹದ ಪಾತ್ರೆಯೂ ಅಲ್ಲ, ಕುಡಿಯುವುದೂ ತಣಿದ ಮೇಲೆ.

ಇನ್ನು ಬಿಸಿಲಿಗೆ ಬಗ್ಗದ ಕೊಳೆ. ಫ್ಲೋರೈಡ್ ಬಂಡೆಯಿಂದ ನೀರಿಗೆ ಇಳಿಯುವಂಥದ್ದು. ಇಂಡಿ ತಾಲ್ಲೂಕಿನ ಅಂತರ್ಜಲದಲ್ಲಿ ಅದು ಆರೋಗ್ಯಕ್ಕೆ ತೊಂದರೆ ಕೊಡುವ ಮಟ್ಟದಲ್ಲಿರುವುದನ್ನು ವಿಜಯಪುರದ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನ ದಾಖಲಿಸಿದೆ. ಅದು ಒಂದೇ ಮೂಲಧಾತುವಿನ ಅಯಾನು. ಬೀಸುಕಲ್ಲಿಗೆ ಕಾಳು ಹಾಕಿದರೆ ಹಿಟ್ಟು ಬರುತ್ತದೆ, ಇದು ಕಾಳೇ ಅಲ್ಲ. ಒಡೆಯಲು ಅದರಲ್ಲಿ ಏನೂ ಇಲ್ಲ. ಎಂಥ ನ್ಯಾನೋ ಪದರವೂ, ಎಷ್ಟು ಬಿಸಿಲೂ ಅದನ್ನು ಒಡೆಯದು. ಕುದಿಸಿದರಂತೂ ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಹೊಸ ಹಲ್ಲಿನಲ್ಲಿ ಕಂದು ಪಟ್ಟೆ ಕಾಣಬಹುದು. ಬಹಳ ಹೆಚ್ಚಾಗಿ, ವರ್ಷಗಟ್ಟಲೆ ಕುಡಿದರೆ ಬೆನ್ನು ಕೀಲು ಬಿಗಿಯುತ್ತವೆ, ಸಜ್ದಾಕ್ಕೆ ಬಾಗುವುದೂ ಕಷ್ಟವಾಗುತ್ತದೆ. ಇದಕ್ಕೆ ಆರ್‌ಓ ಘಟಕ, ಆಕ್ಟಿವೇಟೆಡ್ ಅಲ್ಯುಮಿನಾ, ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ ಇವೆ. ಸೂರಿನಿಂದ ಹಿಡಿದಿಟ್ಟ ಮಳೆನೀರು ಇವೆಲ್ಲಕ್ಕಿಂತ ಸರಳ.

ನೈಟ್ರೇಟ್ ಗೊಬ್ಬರದಿಂದ, ಕೊಟ್ಟಿಗೆಯಿಂದ, ಶೌಚದ ಗುಂಡಿಯಿಂದ ಬರುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಆರು ತಿಂಗಳೊಳಗಿನ ಕೂಸಿಗೆ ಇದು ಅಪಾಯ: ರಕ್ತ ಆಮ್ಲಜನಕ ಹೊರಲಾರದೆ ತುಟಿ, ಉಗುರು ನೀಲಿಯಾಗುತ್ತವೆ. ತಾಯಿ ಒಳ್ಳೆಯದೆಂದೇ ಬೋರ್ ನೀರನ್ನು ಚೆನ್ನಾಗಿ ಕುದಿಸಿ ಪುಡಿಹಾಲು ಕಲಸುತ್ತಾಳೆ, ಕುದಿಸಿದಷ್ಟೂ ನೈಟ್ರೇಟ್ ದಟ್ಟವಾಗುತ್ತದೆ. ಆ ವಯಸ್ಸಿಗೆ ತಾಯಿ ಹಾಲೊಂದೇ ಸಾಕು, ಮೇಲೆ ನೀರೂ ಬೇಡ. ಪುಡಿಹಾಲು ಅನಿವಾರ್ಯವಾದರೆ ಪರೀಕ್ಷೆಯಾದ ನೀರಿನಲ್ಲೇ ಕಲಸಿ. ಕೂಸಿನ ತುಟಿ ನೀಲಿಯಾಗಿ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯಿಂದ, ಬೇಗಂ ತಲಾಬಿನಿಂದ ಬಿಜಾಪುರಕ್ಕೆ ನೀರು ತಂದವರು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಅವು ನೀರಿನ ಒತ್ತಡವನ್ನೂ ತಗ್ಗಿಸುತ್ತಿದ್ದವು, ಹೂಳನ್ನೂ ತಳಕ್ಕೆ ಕೂರಿಸುತ್ತಿದ್ದವು. ಅವರಿಗೆ ತಮ್ಮ ನೀರಿನ ಕೊಳೆ ಯಾವುದೆಂದು ಗೊತ್ತಿತ್ತು. ನಮಗೆ ಗೊತ್ತಾಗಲು ಪರೀಕ್ಷೆ ಬೇಕು. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್ ಅಡಿ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಅದನ್ನು ಬಳಸಲು ಹೆಣ್ಣುಮಕ್ಕಳಿಗೆ ತರಬೇತಿಯೂ ಇದೆ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯವೂ ಇದೆ. ಮಸೀದಿಯ ಬೋರ್‌ನಿಂದ ಓಣಿಯವರೆಲ್ಲ ಕುಡಿಯಲು ನೀರು ಒಯ್ಯುತ್ತಿದ್ದರೆ ಕಮಿಟಿಯವರು ಆ ನೀರನ್ನೇ ಮೊದಲು ಕಳಿಸಲಿ. ಮೋಟಾರನ್ನು ಐದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ಗಲಬರಿಸಿ ತುಂಬಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು, ಅದನ್ನು ಗಲಬರಿಸಬಾರದು. ಊರು, ಬೋರ್‌ನ ಜಾಗ, ತಾರೀಖು ಬರೆದು ಅಂಟಿಸಿ. "ಫ್ಲೋರೈಡ್, ನೈಟ್ರೇಟ್, ರೋಗಾಣು ಮೂರೂ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಕಳಿಸಿ, ಬಂದ ಚೀಟಿಯನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿ.